ಒಂದು ಕೊಕ್ಕಿನ ಉದ್ದ

ಆ ಮಧ್ಯಾಹ್ನ ಊಟಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಇದ್ದವರು ಮೂವರು: ಪಿಯಾನೋ ಮೇಷ್ಟ್ರಾದ ನಾನು, ಶಿಷ್ಯೆ ಸುಮತಿ, ಎಮರಾಲ್ಡ್ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಅವಳ ಜೊತೆ ಬಂದಿದ್ದ ಅವಳ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಹೆತ್ತೆ. ಪಿಯಾನೋವನ್ನೂ ಎಣಿಸಿದರೆ ನಾಲ್ವರು. ಮಂಜಿನ ತೇವಕ್ಕೆ ಕೀಗಳು ಬಿಗಿದುಕೊಳ್ಳದಿರಲೆಂದು ಅದರ ಹೊಟ್ಟೆಯೊಳಗೆ ಸದಾ ಒಂದು ಬಲ್ಬು ಉರಿಸುತ್ತೇವೆ. ನನಗೆ ಚಳಿಯಾದರೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ ಎನ್ನುವ ಹೆಂಡತಿ, ಪಿಯಾನೋಗೆ ಮಾತ್ರ ಕರೆಂಟು ಕೊಡುತ್ತಾಳೆ.

ಶುಕ್ರವಾರ ಸುಮತಿಗೆ ಶಾಲೆಯೊಂದರಲ್ಲಿ ಸಂಗೀತ ಟೀಚರ್ ಕೆಲಸದ ಸಂದರ್ಶನ. ಇನ್ನೂರು ವರ್ಷ ಹಳೆಯದೊಂದು ರಚನೆ ನುಡಿಸಬೇಕು. ಅದರಲ್ಲಿ ಮೂರು ಸ್ವರಗಳ ಕೆಳಗೆ ತೆರೆದ ಕೊಕ್ಕಿನಂಥ ಒಂದು ಗುರುತು. ಕೊಕ್ಕು ಗಿಡ್ಡವಿದ್ದರೆ ಮೊದಲ ಸ್ವರವನ್ನು ಒತ್ತಿ ಹೊಡೆಯಬೇಕು. ಉದ್ದವಿದ್ದರೆ ಸದ್ದನ್ನು ಮೆಲ್ಲಗೆ ಇಳಿಸಬೇಕು. ಮೊದಲ ಮುದ್ರಣದಲ್ಲಿ ಅದು ಗಿಡ್ಡ, ಎರಡನೆಯದರಲ್ಲಿ ಉದ್ದ. ಸುಮತಿ ಫೋನಿಗೆ ಇಳಿಸಿಕೊಂಡಿದ್ದ, ರಚನೆಕಾರ ತಾನೇ ಕೈಯಾರೆ ಬರೆದ ಹಸ್ತಪ್ರತಿಯಲ್ಲಿ ಎರಡೂ ಅಲ್ಲ, ನಡುವಿನ ಅಳತೆ.

"ಹೊಡೀಲಾ, ಇಳಿಸ್ಲಾ ಸಾರ್?"

"ಇಳಿಸು. ನನ್ನ ಗುರುಗಳು ಹಾಗೇ ಹೇಳಿದ್ದು."

ಈ ಬೆಟ್ಟದಲ್ಲಿ ಪಿಯಾನೋ ಕಲಿತವರೆಲ್ಲ ಹೆಚ್ಚುಕಮ್ಮಿ ನನ್ನ ಗುರುಗಳ ಕೈಯವರು, ಇಲ್ಲವೇ ನನ್ನ ಕೈಯವರು. ಮೂವತ್ತು ವರ್ಷದಿಂದ ಆ ಜಾಗ ಬಂದರೆ ಕೂನೂರಿನಿಂದ ಗೂಡಲೂರಿನವರೆಗೆ ಎಲ್ಲರೂ ಇಳಿಸುತ್ತಾರೆ. ಹಿರಿಯರು ಹೇಳಿದ ಮೇಲೆ ನಾನೇಕೆ ಕನ್ನಡಕ ಒರೆಸಬೇಕು?

ಹೆತ್ತೆ ಹೆಣಿಗೆ ಕೆಳಗಿಟ್ಟರು. "ನಮ್ಮ ಮನೆಯವರು ಡ್ಯಾಮ್ ಕ್ಯಾಂಪಿಂದ ಲೆಟರ್ ಹಾಕ್ತಿದ್ರು. ಕೊಂಬು ಎಳೆದ್ರೆ ಒಂದು ಮೈಲಿ! ಲೆಟರ್ ಪೂರಾ ನೋಡಿದ್ರೆ ತಾನೇ ಇದು ಕೊಂಬಾ, ಬರೀ ಗೀರಾ ಅಂತ ತಿಳಿಯೋದು? ಈ ಆಸಾಮಿ ಬೇರೆ ಕಡೆ ಎಂಗೆ ಎಳೆದವ್ನೆ ನೋಡು, ಕುಸು."

"ನಿಂಗೆ ಮ್ಯೂಸಿಕ್ ಗೊತ್ತಾ ಹೆತ್ತೆ?"

"ಇಲ್ಲೆ. ಗಂಡಸರ ಕೈಬರಹ ಗೊತ್ತು."

ನೋಡಿದೆವು. ಕೊನೆಯ ಸಾಲಿನಲ್ಲಿ ಒಂದೇ ಒಂದು ಚುಟುಕು ಸ್ವರ, ಆಮೇಲೆ ಮೌನ. ಅದರ ಕೆಳಗೂ ಅಷ್ಟೇ ಉದ್ದದ ಕೊಕ್ಕು. ಅಲ್ಲಿ ಇಳಿಸೋಣವೆಂದರೆ ಮುಂದೆ ಮೆಟ್ಟಿಲೇ ಇಲ್ಲ. ಹಾಗಾದರೆ ಈ ಮಹಾಶಯನ ಹೊಡೆತದ ಗುರುತೇ ಅಷ್ಟುದ್ದ! ನಾನು ಬಹಳ ಹೊತ್ತು ಚಹಾ ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿದೆ. ಆಮೇಲೆ, "ಹೊಡಿ" ಎಂದೆ.

"ಆ ಶಾಲೆ ಮೇಡಂ ನಿಮ್ಮ ಸ್ಟೂಡೆಂಟ್ ಅಲ್ವಾ ಸಾರ್? ತಪ್ಪು ಅಂದ್ಕೊಂಡ್ರೆ ನನ್ನ ಕೆಲಸ ಹೋಯ್ತು."

ನಿಜವೇ. ಮೇಡಂಗೆ ಫೋನ್ ಮಾಡಿ ಒಪ್ಪಿಕೊಂಡುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾಡಿದೆ ಕೂಡ. ಕೋತಿಗಳ ಕಾಟದ ಬಗ್ಗೆ ಹತ್ತು ನಿಮಿಷ ಮಾತಾಡಿ ಇಟ್ಟೆ.

ಶುಕ್ರವಾರ ಸುಮತಿ ಹೊಡೆದಳು. ಮೇಡಂ ಅಲ್ಲೇ ತಡೆದು, "ಇಳಿಸ್ಬೇಕಲ್ಲಮ್ಮ, ಯಾರು ಹೇಳ್ಕೊಟ್ಟಿದ್ದು?" ಎಂದರಂತೆ. ಹುಡುಗಿ ನನ್ನ ಹೆಸರು ಎತ್ತದೆ ಫೋನಿನಲ್ಲಿ ಕೊನೆಯ ಸಾಲು ತೋರಿಸಿದಳಂತೆ. ಕೆಲಸ ಸಿಕ್ಕಿತು.

ಭಾನುವಾರ ಮೇಡಂ ನಮ್ಮ ಮನೆಗೆ ಬಂದು, ತಮ್ಮ ಹಳೆಯ ಪುಸ್ತಕವನ್ನು ಪಿಯಾನೋ ಮೇಲೆ ಬಿಡಿಸಿಟ್ಟರು. ಆ ಮೂರು ಸ್ವರಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ನನ್ನದೇ ಅಕ್ಷರದಲ್ಲಿ, "ಇಳಿಸು" ಎಂದಿತ್ತು; ಅಡಿಯಲ್ಲಿ ಎರಡು ಗೆರೆ. ಮೇಡಂ ಕೈಚೀಲದಿಂದ ರಬ್ಬರ್ ತೆಗೆದು, "ನೀವೇ ಅಳಿಸಿ ಸಾರ್" ಎಂದು ನನ್ನ ಕೈಗಿಟ್ಟರು. ಒತ್ತಿ ಬರೆದಿದ್ದೆ, ಅಳಿಸಲು ಸ್ವಲ್ಪ ಹೊತ್ತು ಹಿಡಿಯಿತು.