ಮಾವನ ಬಾಯಿ, ಕಾರಿನ ಸೌಂಡು

ನಮ್ಮ ಶಹಾಪುರದಲ್ಲಿ ಕಾರು ಕೊಳ್ಳುವುದು ಒಂದೇ ದಿನದ ಕೆಲಸ. ಆ ಕಾರಿಗೆ ಸೌಂಡ್ ಸಿಸ್ಟಂ ಆರಿಸುವುದು ಮಾತ್ರ ಹೆಣ್ಣು ಹುಡುಕಿದ ಹಾಗೆ. ಊರವರೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಾರೆ, ಕಟ್ಟಿಕೊಂಡವನು ಅನುಭವಿಸುತ್ತಾನೆ. ಕಾಲುವೆಗೆ ನೀರು ಬಂದು, ನೀರಿನ ಹಿಂದೆ ಭತ್ತ ಬಂದು, ಭತ್ತದ ಹಿಂದೆ ಕಾರು ಬಂದ ಮೇಲೆ ಇಂಥ ಪ್ರಸಂಗಗಳಿಗೆ ನಮ್ಮ ಕಡೆ ಬರವಿಲ್ಲ. ನನಗೆ ಭತ್ತವೂ ಇಲ್ಲ, ಹೊಲವೂ ಇಲ್ಲ. ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಆದರೂ ನನ್ನ ಪಾಲಿಗೆ ಬಂದದ್ದು ಕಡಿಮೆಯೇನಲ್ಲ.

ತೂಬಿನ ಪುರಾಣ

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಕಾಲುವೆ ಕಟ್ಟಿಸುವ ಕೆಲಸದಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮೊಣಕಾಲು ನೋವೆಂದು ನಮ್ಮ ಮನೆಗೆ ಬಂದರು. ಮೊಣಕಾಲು ಅವರನ್ನು ಕೂಡಿಸಿತೇ ಹೊರತು ಅವರ ಬಾಯನ್ನು ಕೂಡಿಸಲಿಲ್ಲ. ಭಾನುವಾರಕ್ಕೊಮ್ಮೆ ಅವರನ್ನು ಯಾದಗಿರಿಗೆ ಕರೆದುಕೊಂಡು ಹೋಗಿ, ಮೊಣಕಾಲಿಗೆ ಕರೆಂಟ್ ಕೊಡಿಸಿಕೊಂಡು ಬರುವುದು ಅಳಿಯನಾದ ನನ್ನ ಸೇವೆ.

ದಾರಿಯಲ್ಲಿ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಒಂದು ತೂಬು ಕಂಡರೆ ಸಾಕು. ಅದು ಯಾವ ಎಂಜಿನಿಯರನ ಕಾಲದ್ದು, ಸಿಮೆಂಟು ಯಾವ ಲಾರಿಯಲ್ಲಿ ಬಂತು, ಆ ಲಾರಿ ಎಲ್ಲಿ ಪಂಕ್ಚರ್ ಆಯಿತು, ಪಂಕ್ಚರ್ ಹಾಕಿದವನ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಎಲ್ಲವೂ ಬರಬೇಕು. ವಾಪಸು ಬರುವಾಗ ಅದೇ ತೂಬು ಇನ್ನೊಂದು ಮಗ್ಗುಲಿನಿಂದ ಕಾಣುತ್ತದಲ್ಲ, ಆಗ ಅದೇ ಕಥೆ ಇನ್ನೊಂದು ಮಗ್ಗುಲಿನಿಂದ.

ಮಾವನಿಗೆ ಸುಮ್ಮನಿರಿ ಎಂದು ಅಳಿಯ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿ ನೋಡಿದೆ.

"ನಮ್ಮಪ್ಪ ಮಾತಾಡಿದ್ರ ನಿಮ್ಮ ಪೆಟ್ರೋಲ್ ಜಾಸ್ತಿ ಸುಡತದೇನು?" ಎಂದಳು.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಅದರ ಹಳೆಯ ರೇಡಿಯೋ ಗಾಲಿ ಗುಂಡಿಗೆ ಬಿದ್ದಾಗ ಮಾತ್ರ ಹಾಡುತ್ತಿತ್ತು. ನಮ್ಮ ರಸ್ತೆಯ ಪುಣ್ಯದಿಂದ ಅದು ಹೆಚ್ಚುಕಡಿಮೆ ದಾರಿಯುದ್ದಕ್ಕೂ ಹಾಡುತ್ತಿತ್ತು ಅನ್ನಿ, ಆದರೆ ಮಾವನ ದನಿಯ ಮುಂದೆ ಅದರದು ಸೊಳ್ಳೆಯ ಪಾಡು. ನನಗೆ ಸಂಗೀತದ ಹುಚ್ಚಿಲ್ಲ. ಒಂದು ಭಾನುವಾರವಾದರೂ ತೂಬಿನ ಕಥೆ ಕೇಳದೆ ಯಾದಗಿರಿ ಮುಟ್ಟಬೇಕೆಂಬ ಆಸೆ, ಅಷ್ಟೇ. ಅದಕ್ಕಾಗಿ ದೊಡ್ಡ ಸೌಂಡ್ ಸಿಸ್ಟಂ ಹಾಕಿಸಲು ನಿರ್ಧರಿಸಿದೆ.

ಒಳಗ ಕುಂತು ಕೇಳೋರ್ ಯಾರು?

ಬಸ್ ಸ್ಟ್ಯಾಂಡಿನ ಹಿಂದೆ ಕಾರಿಗೆ ಸೌಂಡ್ ಕೂಡಿಸುವ ಅಂಗಡಿಯೊಂದಿದೆ. ಅಂಗಡಿಯವನು ನನ್ನ ಕಾರಿಗೆ ಒಂದು ಸೆಟ್ ಜೋಡಿಸಿ ನನ್ನನ್ನು ಕೆಳಗಿಳಿಸಿದ. ರಸ್ತೆಯಾಚೆ ಚಹಾದಂಗಡಿಯ ಮುಂದೆ ಹೋಗಿ ನಿಲ್ಲಲು ಹೇಳಿದ. ತಾನು ಒಳಗೆ ಕೂತು ಹಾಡು ಹಚ್ಚಿ, ಅಲ್ಲಿಂದಲೇ ಕೈ ಮಾಡಿ, ಕೇಳತದೇನು ಎಂದು ವಿಚಾರಿಸಿದ. ನಾನು ರಸ್ತೆ ದಾಟಿ ವಾಪಸು ಬಂದು, ಅಲ್ಲಪ್ಪ, ಒಳಗೆ ಕೂತು ಕೇಳುವವನು ನಾನಲ್ಲವೇ ಅಂದೆ.

"ಒಳಗ ಕುಂತು ಕೇಳೋರ್ ಯಾರ್ರಿ ಸರ? ಸೌಂಡ್ ಹಾಕಸೋದು ಮಂದಿಗಿ ಕೇಳ್ಲಿ ಅಂತ. ನಿಮಗ ಕೇಳಬೇಕಂದ್ರ ಮನ್ಯಾಗ ರೇಡಿಯೋ ಇಲ್ಲೇನು?"

ಪಕ್ಕದಲ್ಲಿ ಗೋಗಿಯ ಕಡೆಯ ರೈತನೊಬ್ಬ ತನ್ನ ಹೊಸ ಕಾರಿಗೆ ಸ್ಪೀಕರ್ ಹಾಕಿಸುತ್ತಿದ್ದ. ಅವನೂ ಹೌದೆಂದು ತಲೆಯಾಡಿಸಿದ. ಹಿಂದಿನ ಸೆಟ್ಟನ್ನು ಅವನು ಶಾಸ್ತ್ರೋಕ್ತವಾಗಿಯೇ ಪರೀಕ್ಷೆ ಮಾಡಿದ್ದನಂತೆ. ಕಾರನ್ನು ಕಾಲುವೆ ದಂಡೆಯ ಮೇಲೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಹೆಂಡತಿಯನ್ನು ಗದ್ದೆಯ ಆ ತುದಿಗೆ ಕಳಿಸಿದ. ಕೇಳಿಸಿದರೆ ಕೈ ಎತ್ತಬೇಕೆಂದು ಮಾತಾಗಿತ್ತು. ಆಕೆ ಕೈ ಎತ್ತಲಿಲ್ಲ. ಅದಕ್ಕೇ ಆ ಸೆಟ್ ಬದಲಾಯಿಸಲು ಬಂದಿದ್ದ. ಆಕೆಗೆ ಕೇಳಿಸಲಿಲ್ಲವೋ, ಆ ಬಿಸಿಲಿನಲ್ಲಿ ಕೈ ಎತ್ತುವ ಮನಸ್ಸಾಗಲಿಲ್ಲವೋ, ಅದನ್ನು ಅವನು ವಿಚಾರಿಸಿದಂತೆ ಕಾಣಲಿಲ್ಲ.

ನಾನು ಅಂಗಡಿಯವನಿಗೆ ನನ್ನ ಕಷ್ಟ ಬಿಡಿಸಿ ಹೇಳಿದೆ. ಮಂದಿಗೆ ಕೇಳುವುದು ಬೇಡ, ನನ್ನ ಮಗ್ಗುಲಲ್ಲಿ ಕೂತವರ ಮಾತು ನನಗೆ ಕೇಳಿಸದಿದ್ದರೆ ಸಾಕು. ಅವನು ನಕ್ಕು, ಮನಿಯವ್ರೇನ್ರಿ ಎಂದು ಕೇಳಿದ. ಅಲ್ಲ, ಮನೆಯವಳ ಅಪ್ಪ ಎಂದೆ.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಹಂಗಾದ್ರ ಸಣ್ಣ ಸೆಟ್ ನಡ್ಯಂಗಿಲ್ಲ ಸರ."

ಕುರಿಯವನ ಬುದ್ಧಿಮಾತು

ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರ್ ಕೂತವು. ಭಾನುವಾರ ಊರು ದಾಟುತ್ತಲೇ ಹಾಡು ಹಚ್ಚಿದೆ. ಮಾವ ಒಳ್ಳೆಯದಾಯಿತು ಎಂಬಂತೆ ತಲೆದೂಗಿದರು. ಮೊದಲ ತೂಬು ಬಂತು. ಅವರು ದನಿಯನ್ನು ಒಂದು ಮೆಟ್ಟಿಲು ಏರಿಸಿ ಕಥೆ ಸುರು ಮಾಡಿದರು. ನಾನು ಸೌಂಡ್ ಏರಿಸಿದೆ, ಅವರು ಇನ್ನೊಂದು ಮೆಟ್ಟಿಲು ಏರಿದರು. ನಾನು ಮರೆತದ್ದೇನೆಂದರೆ, ಇದು ಸರ್ವೀಸಿನುದ್ದಕ್ಕೂ ಕಾಂಕ್ರೀಟ್ ಮಿಕ್ಸರಿನ ಮಗ್ಗುಲಲ್ಲಿ ನಿಂತು ಪಳಗಿದ ಗಂಟಲು. ಸದ್ದಿಲ್ಲದ ಜಾಗದಲ್ಲಿ ಇದುವರೆಗೆ ಪಾಪ ಅವರೇ ಸಂಕೋಚದಿಂದ ಮಾತಾಡುತ್ತಿದ್ದರಂತೆ.

ಮುಂದೆ ವಡಗೇರಾ ಕಡೆಯ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಕಾರು ನಿಲ್ಲಿಸಿದೆ. ನನ್ನ ಕಾರಿನ ಏಸಿ ನೋಡುವುದಕ್ಕಷ್ಟೇ ಇರುವುದರಿಂದ ಕಿಟಕಿಗಳೆಲ್ಲ ತೆರೆದಿದ್ದವು. ಕುರಿ ಕಾಯುವವನು ಸ್ವಲ್ಪ ಹೊತ್ತು ನಿಂತು ಆಲಿಸಿ, ನನ್ನ ಕಿಟಕಿಗೆ ಬಗ್ಗಿದ.

"ವಯಸ್ಸಾದೋರ ಕೂಡ ಹಿಂಗ ಜಗಳಾಡಬಾರದ್ರಿ. ನೋಡಿದ್ರ ಓದಿದವ್ರ ಕಂಡಂಗ ಕಾಣ್ತೀರಿ."

ಶಹಾಪುರ ಬಿಟ್ಟಾಗಿನಿಂದ ನಾನು ಬಾಯಿ ತೆರೆದದ್ದು ಒಂದೇ ಸಲ, ಅದೂ ಆಕಳಿಸುವುದಕ್ಕೆ. ಹಾಗೆಂದು ಹೇಳುವಷ್ಟರಲ್ಲಿ ಮಾವನೇ ಅವನಿಗೆ ಸಮಾಧಾನ ಮಾಡಿದರು. "ಇರ್ಲಿ ಬಿಡಪ್ಪ, ನಮ್ಮ ಅಳಿಯಂದ್ರು ಮನಸಿನಿಂದ ಒಳ್ಳೇವ್ರದಾರ."

ಕರೆಂಟಿಗಿಂತ ಛಲೋ

ಅಂಗಡಿಯವನಿಗೆ ಇದು ಮಾನದ ಪ್ರಶ್ನೆಯಾಯಿತು. ಸೀಟಿನ ಕೆಳಗೆ ಕೂಡುವ ದೊಡ್ಡ ಬೇಸ್ ಡಬ್ಬಿಯೊಂದನ್ನು ತೋರಿಸಿ, ಇದನ್ನು ಹಾಕಿದರೆ ಮಾತಾಡುವವನ ಹಲ್ಲಿಗೆ ಹಲ್ಲು ಬಡಿಯುತ್ತದೆ, ಮಾತು ಹೊರಗೆ ಬರುವುದಿಲ್ಲ ಎಂದು ಭರವಸೆ ಕೊಟ್ಟ. ಮಾವ ಕೂಡುವ ಸೀಟಿನ ಕೆಳಗೇ ಅದನ್ನು ಕೂಡಿಸಿದೆವು.

ನಿಜ ಹೇಳಬೇಕೆಂದರೆ ಅದು ಕೆಲಸ ಮಾಡಿತು. ಡಬ್ಬಿ ಗುದ್ದಲು ಹತ್ತಿದ ಮೇಲೆ ಮಾವ ಮಾತು ನಿಲ್ಲಿಸಿ ಕಣ್ಣು ಮುಚ್ಚಿದರು. ಒಂದು ತೂಬು ಹೋಯಿತು. ಇನ್ನೊಂದು ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗೆ ಬಂದ ಲಾರಿಯವನಿಗೂ ದಾರಿ ಬಿಟ್ಟೆ. ಆಗ ಮಾವ ಕಣ್ಣು ತೆರೆದರು.

"ಅಳಿಯಂದ್ರ, ನನ್ನ ಮೊಣಕಾಲು ಹಗೂರ ಆಗ್ಯಾವ ನೋಡ್ರಿ. ಡಾಕ್ಟರನ ಕರೆಂಟಿಗಿಂತ ಇದು ಛಲೋ ಅದ."

ಹಾಗಾದರೆ ಯಾದಗಿರಿಗೆ ಹೋಗುವುದೇ ತಪ್ಪಿತೆಂದು ನಾನು ಒಳಗೊಳಗೇ ಕುಣಿದೆ. ಸಂಜೆ ಹೆಂಡತಿ ಸುದ್ದಿ ಕೇಳಿ ಅಪ್ಪನ ಮೊಣಕಾಲು ಮುಟ್ಟಿ ನೋಡಿ, ಯಾದಗಿರಿಯನ್ನು ಬಿಡುವುದು ಬೇಡ, ಅದರ ಜೊತೆಗೆ ದಿನಾ ಸಂಜೆ ಅಪ್ಪನನ್ನು ಕಾರಿನಲ್ಲಿ ಒಂದು ಸುತ್ತು ಹಾಕಿಸಿಕೊಂಡು ಬನ್ನಿ ಎಂದಳು. ಒಂದು ವಾರದಲ್ಲಿ ಮಾವನಿಗೆ ಡಬ್ಬಿಯ ಗುದ್ದು ರೂಢಿಯಾಗಿ, ಅದರ ತಾಳಕ್ಕೇ ಕಥೆ ಹೇಳಲು ಕಲಿತರು. ಕಾಯಿಲೆ ವಾರಕ್ಕೊಮ್ಮೆ ಇತ್ತು, ಔಷಧಿ ದಿನಾ ಆಯಿತು.

ಒಬ್ಬರಿದ್ದಲ್ಲಿ ಇಬ್ಬರು

ಅಂಗಡಿಯವನ ಮುಂದಿನ ಉಪಾಯ ಫೋನ್ ಜೋಡಿಸುವ ಸೆಟ್ಟು. ಮಾವ ಯಾರ ಜೊತೆಗಾದರೂ ಫೋನಿನಲ್ಲಿ ಮಾತಾಡುತ್ತ ಕೂತರೆ ನಿಮ್ಮನ್ನು ಬಿಡುತ್ತಾರೆ ಎಂಬುದು ಅವನ ಲೆಕ್ಕ. ಮಾವ ಕೂಡಲೇ ಸುರಪುರದಲ್ಲಿದ್ದ ತಮ್ಮ ಹಳೆಯ ಜೊತೆಗಾರನಿಗೆ ಫೋನ್ ಹಚ್ಚಿದರು. ಅವರೂ ನಿವೃತ್ತ ವರ್ಕ್ ಇನ್‌ಸ್ಪೆಕ್ಟರೇ. ಅವರ ದನಿ ನಾಲ್ಕೂ ಬಾಗಿಲಿನಿಂದ ಹೊರಟಿತು. ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದಂತಾಯಿತು.

ಕಾಲುವೆಗೆ ಅಡ್ಡ ಬಂದಿದ್ದ ಯಾವುದೋ ಬಂಡೆಯನ್ನು ಮೊದಲು ಒಡೆಸಿದವರು ಯಾರು ಎಂದು ಇಬ್ಬರಿಗೂ ಜಗಳ ಹತ್ತಿತು. ಅದು ಬಗೆಹರಿಯಲಿಲ್ಲ. ಕೊನೆಗೆ ತೀರ್ಪು ಹೇಳಲು ನನ್ನನ್ನು ಕೇಳಿದರು. ಆ ಬಂಡೆ ಒಡೆಯುವಾಗ ನಾನು ಚಡ್ಡಿ ಹಾಕಿಕೊಂಡು ಕನ್ನಡ ಶಾಲೆಗೆ ಹೋಗುತ್ತಿದ್ದೆ. ಆದರೂ ಮನೆಗೆ ಹೋಗಿ ಊಟ ಮಾಡಬೇಕಾದವನು ನಾನು, ಆದ್ದರಿಂದ ಮಾವನೇ ಒಡೆಸಿದ್ದು ಎಂದೆ. ಸುರಪುರದವರು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ಸೆಟ್ಟಿನಿಂದ ನನಗಾದ ಲಾಭ ಅದೊಂದೇ.

ಪುಗಸಟ್ಟೆ ಮೈಕು

ಇನ್ನು ಉಳಿದದ್ದು ಒಂದೇ. ಶಹಾಪುರದಲ್ಲೇ ಇದಕ್ಕಿಂತ ದೊಡ್ಡದಿಲ್ಲ ಎಂದು ಅಂಗಡಿಯವನು ಪ್ರಮಾಣ ಮಾಡಿದ ಆಂಪ್ಲಿಫೈಯರ್. ಅದರ ಜೊತೆಗೆ ಒಂದು ಮೈಕು ಪುಗಸಟ್ಟೆ. ಇದೇಕಪ್ಪ ಅಂದರೆ, ಇರಲಿ ಸರ, ಇಲೆಕ್ಷನ್‌ದಾಗ ಕೆಲಸಕ್ಕ ಬರತದ ಅಂದ. ಜೋಡಿಸಿ ಕೊಟ್ಟ ಮೈಕನ್ನು ನಾನು ಮಾವನ ಸೀಟಿನ ಮುಂದಿನ ಖಾನೆಯಲ್ಲಿ ಹಾಕಿ ಮರೆತುಬಿಟ್ಟೆ.

ಆ ವಾರ ಸುರಪುರದಲ್ಲಿ ಸಂಬಂಧಿಕರ ನಿಶ್ಚಿತಾರ್ಥವಿತ್ತು. ನಾನು ಮತ್ತು ಮಾವ ಇಬ್ಬರೇ ಹೊರಟೆವು. ಸುರಪುರದಲ್ಲಿ ಅಂದು ಸಂತೆಯ ದಿನ, ಕಾರು ಜನರ ನಡುವೆ ಸಿಕ್ಕಿಕೊಂಡಿತು. ಮಾವ ಅಡಿಕೆ ಹುಡುಕುತ್ತ ಖಾನೆ ತೆರೆದರು. ಅಡಿಕೆಯ ಬದಲು ಮೈಕು ಸಿಕ್ಕಿತು. ಗುಂಡಿ ಒತ್ತಿ, ಇದೇನ್ರಿ ಅಳಿಯಂದ್ರ ಎಂದರು. ಆ ಮಾತು ತೆರೆದ ಕಿಟಕಿಗಳಿಂದ ಹೊರಬಿದ್ದು, ಬದನೆಕಾಯಿ ತೂಗುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ತಿರುಗಿ ನೋಡಿದರು. ನಿವೃತ್ತಿಯಾದ ಮೇಲೆ ಅವರ ಮಾತಿಗೆ ಜನ ತಾವಾಗಿ ತಿರುಗಿದ್ದು ಅದೇ ಮೊದಲು. ಅವರ ಮುಖ ಅರಳಿದ್ದು ನೋಡಿ ನನಗೂ ಒಂದು ಗಳಿಗೆ ಪಾಪ ಅನ್ನಿಸಿತು. ಒಂದೇ ಗಳಿಗೆ.

"ಕಾಲುವಿ ನೀರಿನ ವಿಷಯ ಎಲ್ಡ ಮಾತು ಹೇಳ್ತೀನಿ, ಎಲ್ಲಾರೂ ಕೇಳ್ರಿ," ಎಂದರು ಮಾವ.

ಕಾಲುವೆಯ ಕೊನೆಯ ಊರುಗಳಿಗೆ ಆಗ ಇನ್ನೂ ನೀರು ಬಿಟ್ಟಿರಲಿಲ್ಲ. ಸಂತೆಗೆ ಬಂದ ರೈತರು ಇದು ಸರ್ಕಾರದ ಗಾಡಿ, ನೀರು ಬಿಡುವ ದಿನ ಹೇಳುತ್ತಾರೆ ಎಂದುಕೊಂಡು ಸುತ್ತ ನೆರೆದರು. ಮಾವ ಕಾಲುವೆಯ ಸರ್ವೆಗೆ ಬಂದವರು ಗೂಟ ನೆಟ್ಟಲ್ಲಿಂದ ಸುರು ಮಾಡಿದರು. ಜನ ಕದಲಲಿಲ್ಲ. ಲಾರಿಯಲ್ಲಿ ತುಂಬಿ ತರದೆ, ಊಟದ ಪೊಟ್ಟಣ ಕೊಡದೆ, ನಮ್ಮ ಕಡೆ ಜನ ಒಂದು ಭಾಷಣವನ್ನು ನಿಂತು ಕೇಳಿದ್ದನ್ನು ನಾನು ನೋಡಿದ್ದು ಅಂದು ಮಾತ್ರ. ತಾರೀಖು ಕೊನೆಗೆ ಬರುತ್ತದೆಂದು ಅವರು ಕಾದರು. ಅವರ ದುರ್ದೈವ, ಮಾವನ ಕಥೆಗೆ ಕೊನೆ ಎಂಬುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮುದುಕನೊಬ್ಬ ತಡೆಯಲಾರದೆ, ನೀರು ಯಾವಾಗ ಬಿಡ್ತೀರಿ ಅದನ್ನ ಹೇಳ್ರಿ ಎಂದ. ಮಾವ ಗೊಗ್ಗರು ದನಿಯಲ್ಲಿ ತಾವು ರಿಟೈರ್ ಆಗಿರುವುದಾಗಿ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಕಡೆ ಕೈ ತೋರಿಸಿ, "ಇವ್ರು ನಮ್ಮ ಅಳಿಯಂದ್ರು, ಸರ್ಕಾರಿ ಆಫೀಸಿನ್ಯಾಗ ಅದಾರ, ಇವ್ರನ್ನ ಕೇಳ್ರಿ" ಎಂದರು.

ಆಮೇಲೆ ಜನ ನನಗೆ ಅಂದದ್ದನ್ನು ಬರೆಯುವುದು ಸಭ್ಯತೆಯಲ್ಲ. ನಾವು ನಿಶ್ಚಿತಾರ್ಥದ ಮನೆ ಮುಟ್ಟಿದಾಗ ಪಾತ್ರೆ ತೊಳೆಯುತ್ತಿದ್ದರು.

ವಾಪಸು ಬರುವಾಗ ಮಾವನ ಗಂಟಲು ಪೂರ್ತಿ ಕೂತುಹೋಗಿತ್ತು. ತೂಬುಗಳು ಬಂದವು, ಹೋದವು. ನಾನು ಹಾಡನ್ನೂ ಬಂದ್ ಮಾಡಿಬಿಟ್ಟೆ. ಇಷ್ಟು ಚಂದದ ರಸ್ತೆ ನಮ್ಮ ಕಡೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೈಸಿಕೊಂಡದ್ದು, ಹಸಿದದ್ದು ಎಲ್ಲ ಮರೆತು, ಮದುವೆಯಾದಾಗಲೂ ಇಷ್ಟು ಸುಖಪಟ್ಟಿರಲಿಲ್ಲ ಅಂದುಕೊಂಡೆ.

ಮನೆಯಲ್ಲಿ ಹೆಂಡತಿ ಗಾಬರಿಯಾಗಿ ಅಪ್ಪನನ್ನೂ ನನ್ನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮಾವನ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, ಇನ್ನು ಮೇಲೆ ಜೋರಾಗಿ ಮಾತಾಡಲೇಬಾರದು, ಏನಿದ್ದರೂ ಮೆಲ್ಲಗೆ ಎಂದರು. ನಾನು ಡಾಕ್ಟರಿಗೆ ಫೀಸು ಕೊಟ್ಟ ಮೇಲೂ ಇನ್ನೊಮ್ಮೆ ಕೈ ಮುಗಿದೆ.

ಭಾನುವಾರ ಬಂತು. ಮಾವನನ್ನು ಸೀಟಿನಲ್ಲಿ ಕೂಡಿಸಿ ಯಾದಗಿರಿಯ ದಾರಿ ಹಿಡಿದೆ. ಊರು ದಾಟಿದೆವು. ಮೊದಲ ತೂಬು ದೂರದಲ್ಲಿ ಕಂಡಿತು. ಮಾವ ಮೆಲ್ಲಗೆ ಖಾನೆ ತೆರೆದು, ಮೈಕು ತೆಗೆದು, ತುಟಿಗೆ ಹಚ್ಚಿಕೊಂಡರು. ನಾಲ್ಕು ಬಾಗಿಲಿನಿಂದ, ಸೀಟಿನ ಕೆಳಗಿನಿಂದ, ನನ್ನ ಎರಡು ಕಿವಿಯ ಹಿಂದಿನಿಂದ ಅವರ ಪಿಸುದನಿ ಒಮ್ಮೆಲೇ ಹೊರಟಿತು.

"ಅಳಿಯಂದ್ರ, ಆ ತೂಬ್ ನೋಡಾಕತ್ತೀರೇನು?"

ನನ್ನ ಕೈ ತಾನಾಗಿಯೇ ಸೌಂಡ್ ಕಡಿಮೆ ಮಾಡಲು ಹೋಯಿತು. ಮಾವ ಬಹಳ ಪ್ರೀತಿಯಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಕಡಿಮಿ ಮಾಡಬ್ಯಾಡ್ರಿ. ನನ್ನ ಗಂಟಲಿಗಿ ಜೋರ್ ಬೀಳತದ."