ಜೀಪಿಗೊಂದು ಟ್ರಾನ್ಸ್‌ಫರ್ ಕೇಸು

ಹೆಂಗಸರು ಸೀರೆ ಆರಿಸುವ ಬಗೆಯನ್ನು ಹಾಸ್ಯ ಮಾಡದ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಈ ವಿಷಯದಲ್ಲಿ ನಾನಂತೂ ಎಲ್ಲರಿಗಿಂತ ಒಂದು ಕೈ ಮೇಲು. ಇಳಕಲ್ಲಿನ ಅಂಗಡಿಯ ಗಾದಿಯ ಮೇಲೆ ನನ್ನ ಹೆಂಡತಿ ಸುಮಂಗಲಾ ಸೀರೆಗಳ ರಾಶಿ ಹಾಕಿಸಿಕೊಂಡು, ಒಂದೊಂದನ್ನೂ ತಿರುವಿ, ಸೆರಗು ಮೈಗೆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಮೊದಲು ತೋರಿಸಿದ ಸೀರೆಯನ್ನೇ ಕಟ್ಟಿಸಿಕೊಂಡು ಏಳುತ್ತಾಳೆ. ಗಂಡಸರಿಗಾದರೆ ಇದು ಹತ್ತು ನಿಮಿಷದ ಕೆಲಸ ಎಂದು ಅಂಗಡಿಯವರ ಎದುರಿಗೇ ಅಂದವನು ನಾನು. ಅದೇ ನಾನು ನನ್ನ ಹಳೆಯ ಜೀಪಿಗೆ ಒಂದು ಟ್ರಾನ್ಸ್‌ಫರ್ ಕೇಸು ಆರಿಸಲು ಯುಗಾದಿಯಿಂದ ದಸರೆಯವರೆಗೆ ಸಮಯ ತೆಗೆದುಕೊಂಡೆ. ಅಷ್ಟಾದ ಮೇಲೂ ತಂದದ್ದು ತಪ್ಪಾದದ್ದನ್ನು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ, ನಡೆದರೆ ಮುಟ್ಟುವಷ್ಟು ಹತ್ತಿರ ಕಾಲೇಜು, ಕಲಿಸುವುದು ಇತಿಹಾಸ. ಇಂಥವನಿಗೆ ನಾಲ್ಕೂ ಗಾಲಿಗಳಿಂದ ಎಳೆಯುವ ಜೀಪು ಯಾಕೆ ಬೇಕು ಎಂದು ನೀವು ಕೇಳಬಹುದು. ಸುಮಂಗಲಾ ಕೇಳಿಯೇ ಕೇಳಿದಳು. ಯಾವುದೋ ಇಲಾಖೆಯ ಹರಾಜಿನಲ್ಲಿ ಅದನ್ನು ಕಂಡಾಗ ಬಾದಾಮಿಯ ಬಂಡೆಗಳನ್ನು ಕಂಡಷ್ಟೇ ಭಕ್ತಿ ಬಂದಿತು, ತಂದುಬಿಟ್ಟೆ. ಗೇರಿನ ಪಕ್ಕದಲ್ಲಿ ಇನ್ನೆರಡು ಸಣ್ಣ ಲಿವರುಗಳಿದ್ದವು. ಮನೆಗೆ ಬಂದವರಿಗೆಲ್ಲ ಅವನ್ನು ತೋರಿಸಿ, 'ಇದನ್ನು ಎಳೆದರೆ ಮುಂದಿನ ಗಾಲಿಗೂ ಬಲ ಬರುತ್ತದೆ, ಎಂಥ ಕೆಸರಾದರೂ ದಾಟುತ್ತದೆ' ಎನ್ನುತ್ತಿದ್ದೆ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಹಂಚಿಕೊಡುವ ಕಬ್ಬಿಣದ ಪೆಟ್ಟಿಗೆಗೇ ಟ್ರಾನ್ಸ್‌ಫರ್ ಕೇಸು ಎನ್ನುವುದು. ನನ್ನ ಜೀಪಿನದು ಮುಂದಿನ ಗಾಲಿಗಳ ಪಾಲು ಕೊಡುವುದನ್ನು ಯಾವಾಗಲೋ ನಿಲ್ಲಿಸಿತ್ತು. ವಿದ್ಯಾಗಿರಿಯ ಡಾಂಬರು ರಸ್ತೆಯಲ್ಲಿ ಹಾಲಿನ ಪಾಕೀಟು ತರುವವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಗೊತ್ತಾಗಬೇಕಾಗಿ ಬಂದದ್ದು ನಮ್ಮ ಅತ್ತೆಯಿಂದ, ಅಂದರೆ ಸುಮಂಗಲಾಳ ತಾಯಿಯಿಂದ. ಗುಡೂರಿನಲ್ಲಿ ಅವರ ಮನೆ. ದಸರೆಯ ಬೆನ್ನಿಗೇ ಬರುವ ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕೂಗು ಹಾಕುತ್ತ ಬೆಳೆಯ ನಡುವೆ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲಿ, ಎಲ್ಲರೂ ಕೂತು ಉಣ್ಣುವುದು ನಮ್ಮ ಕಡೆಯ ಪದ್ಧತಿ. ಎತ್ತಿನ ಬಂಡಿ ಇದ್ದಾಗ ಅತ್ತೆ ಎಲ್ಲರಿಗಿಂತ ಮೊದಲು ಹತ್ತಿ ಕೂಡುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಅದೇ ಹೊತ್ತಿಗೆ ಅವರ ಬಲ ಮೊಣಕಾಲು ಬಗ್ಗುವುದನ್ನು ಬಿಟ್ಟಿತು. ಒಮ್ಮೆ ಸ್ಟೂಲ್ ಇಟ್ಟು ಟ್ರೇಲರ್ ಹತ್ತಿಸಲು ಹೋಗಿ, ಸ್ಟೂಲ್ ಅಲುಗಾಡಿ ಅವರು ಜಾರಿ ಬಿದ್ದರು. ಗಂಡಸರು ಎತ್ತಿ ಕೂಡಿಸುತ್ತೇವೆಂದರೆ, 'ನಾ ಏನು ಜ್ವಾಳದ ಚೀಲೇನು?' ಎಂದು ಬೈದರು. ಅಲ್ಲಿಂದೀಚೆಗೆ ಕಡುಬು, ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ ಎಲ್ಲ ಮಾಡಿ ಬುಟ್ಟಿ ತುಂಬಿ ಕಳಿಸಿ ತಾವು ಮನೆಯಲ್ಲೇ ಉಳಿಯುತ್ತಾರೆ. ಬರುವಾಗ ಒಂದು ತೊಗರಿ ಟೊಂಗೆ ಮುರಿದು ತಂದುಕೊಟ್ಟರೆ ಅದರ ಹೂವು ನೋಡಿ ಹೊಲ ಹೇಗಿದೆ ಎಂದು ತಿಳಿದುಕೊಳ್ಳುತ್ತಾರೆ. ಯುಗಾದಿಗೆ ಹೋದಾಗ ನನಗೆ ಅದನ್ನು ನೆನೆದು ಸಂಕಟವಾಯಿತು. ಜೀಪಿನ ಮೆಟ್ಟಿಲು ತಗ್ಗು, ಹೊಲದ ದಾರಿ ಎಂಥ ಎರೆ ಮಣ್ಣಾದರೂ ನಾಲ್ಕು ಗಾಲಿ ಎಳೆಯುತ್ತವೆ, ಈ ವರ್ಷ ನಾನೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಅತ್ತೆ, 'ಖರೇನ ಅಳಿದೇವ್ರ?' ಎಂದು ಕೇಳಿದರು. ಆಮೇಲೆ ಊರಿಗೆಲ್ಲ ಹೇಳಿದರು.

ಬಾಗಲಕೋಟೆಗೆ ಬಂದು ಲಿವರ್ ಎಳೆದು ನೋಡಿದರೆ ಕರಕರ ಎಂದಿತೇ ವಿನಾ ಮುಂದಿನ ಗಾಲಿ ಮಿಸುಕಲಿಲ್ಲ. ನಮ್ಮ ಮೆಕ್ಯಾನಿಕ್ ಮಹಾಂತೇಶ ಕೆಳಗೆ ಹೋಗಿ ಬಂದು, 'ಒಳಗ ಹಲ್ಲ ಉಳಿದಿಲ್ರಿ ಸರ, ಬ್ಯಾರೆ ಹಾಕೂದು ಚೊಲೋ' ಎಂದ. ಆರಿಸುವ ಕೆಲಸ ಶುರುವಾದದ್ದು ಅಲ್ಲಿಂದ. ಹಳೆಯದಕ್ಕೇ ಹೊಸ ಗೇರು ಹಾಕಿಸಿ ಎಂದರು ಒಬ್ಬರು. ಚೈನಿನ ಮೇಲೆ ನಡೆಯುವ ಹೊಸ ನಮೂನೆಯದು ಸದ್ದು ಮಾಡುವುದಿಲ್ಲ ಎಂದರು ಇನ್ನೊಬ್ಬರು. ಸ್ಕೂಟರ್ ಬಿಟ್ಟು ಬೇರೆ ಗಾಡಿ ಮುಟ್ಟದ ನಮ್ಮ ಭೌತಶಾಸ್ತ್ರದವರು ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಚಿತ್ರ ಬರೆದು, ನಾಲ್ಕು ಗಾಲಿಗೆ ಬಲ ಕೊಡುವ ಅಗತ್ಯವೇ ಇಲ್ಲ ಎಂದು ಸಾಬೀತುಮಾಡಿ ತೋರಿಸಿದರು. ಪಕ್ಕದ ಮನೆಯವರು ಜೀಪನ್ನೇ ಮಾರಿ ಎಂದರು, ಆದರೆ ಅವರಿಗೆ ತಮ್ಮ ಗಾಡಿ ನಿಲ್ಲಿಸಲು ಜಾಗ ಬೇಕಾಗಿತ್ತು. ನಾನು ಊಟದ ತಾಟಿನ ಮುಂದೆಯೂ ಫೋನಿನಲ್ಲಿ ವಿಡಿಯೋ ನೋಡತೊಡಗಿದೆ. ಯಾವುದೋ ದೇಶದ ಗಡ್ಡದವನೊಬ್ಬ ಹಿಮದ ನಡುವೆ ನಿಂತು ಟ್ರಾನ್ಸ್‌ಫರ್ ಕೇಸು ಬಿಚ್ಚುತ್ತಿದ್ದರೆ, ನಾನು ಬಿಸಿಲೂರಿನಲ್ಲಿ ಕೂತು ತಲೆಯಾಡಿಸುತ್ತಿದ್ದೆ. ನೋಡಿದಷ್ಟೂ ಹಿಂದಿನ ದಿನದ ತೀರ್ಮಾನ ಬದಲಾಗುತ್ತಿತ್ತು. ಅತ್ತೆ ಮಾತ್ರ ಫೋನು ಮಾಡಿದಾಗಲೆಲ್ಲ, 'ಗಾಡಿ ಆರಾಮ ಐತೇನ್ರಿ?' ಎಂದು ನನಗಿಂತ ಮೊದಲು ಜೀಪಿನ ಕ್ಷೇಮ ಕೇಳುತ್ತಿದ್ದರು.

ದಸರೆ ಹತ್ತಿರ ಬಂದಾಗ ಇಳಕಲ್ಲಿನಲ್ಲಿ ಹಳೆಯ ಗಾಡಿಗಳ ಸಾಮಾನು ಮಾರುವ ರಾಜೇಸಾಬರ ಹತ್ತಿರ ನನ್ನ ಜೀಪಿನ ಜಾತಿಯದೇ ಕೇಸುಗಳು ಬಂದಿವೆ ಎಂದು ತಿಳಿಯಿತು. ಶನಿವಾರ ಬಿಡುವಿದೆ, ಜೊತೆಗೆ ಬರುತ್ತೇನೆ ಎಂದ ಮಹಾಂತೇಶ. 'ಶನಿವಾರ ಯಾರರ ಮನಿಗೆ ಕಬ್ಬಿಣ ತರ್ತಾರೇನ್ರಿ?' ಎಂದಳು ಸುಮಂಗಲಾ. ನಾನು ತರಗತಿಯಲ್ಲಿ ಮೂಢನಂಬಿಕೆಯ ವಿರುದ್ಧ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಶನಿವಾರ ಕಬ್ಬಿಣ ತರುವ ಧೈರ್ಯ ಮಾತ್ರ ನನಗಿಲ್ಲ. ಹೀಗಾಗಿ ಮಹಾಂತೇಶನನ್ನು ಬಿಟ್ಟು ಶುಕ್ರವಾರವೇ ಹೆಂಡತಿಯೊಡನೆ ಹೊರಟೆ.

ರಾಜೇಸಾಬರು ಎರಡು ಕೇಸು ಹೊರಗಿಡಿಸಿದರು. ಮುಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟು ಒಂದರಲ್ಲಿ ಎಡಕ್ಕೆ ಕೂಡುತ್ತಿತ್ತು, ಇನ್ನೊಂದರಲ್ಲಿ ಬಲಕ್ಕೆ. 'ಡ್ರೈವರ್ ಸೀಟಿನ್ಯಾಗ ಕುಂತ್ರ ನಿಮ್ಮದು ಯಾ ಕಡೆ ಬರತೈತ್ರಿ ಸರ?' ಎಂದು ಕೇಳಿದರು. ಇಂಥ ಪ್ರಶ್ನೆಗೆ ನಾನು ಸಿದ್ಧನಾಗಿಯೇ ಬಂದಿದ್ದೆ. ಹಿಂದಿನ ದಿನ ಜೀಪಿನ ಮುಂದೆ ನೆಲದ ಮೇಲೆ ಬೋರಲು ಮಲಗಿ ಅದರ ಕೆಳಭಾಗದ ಫೋಟೋ ತೆಗೆದುಕೊಂಡಿದ್ದೆ. ಫೋನು ತೆಗೆದು ನೋಡಿ, 'ಎಡಕ್ಕೆ' ಎಂದೆ.

'ಫೋಟೋ ಇರ್ಲಿ ಬಿಡ್ರಿ, ಗಾಡಿ ತಂದೀರೇನ್ರಿ?' ಎಂದರು ಅವರು.

ಜೀಪು ಸೀರೆ ಅಂಗಡಿಯ ಮುಂದಿತ್ತು, ಒಂದು ಓಣಿ ದಾಟಿದರೆ ಸಿಗುತ್ತಿತ್ತು. 'ಗಾಡಿ ತಗೊಂಡ ಬರ್ರಿ, ಕೂಡೂ ಜಾಗ ನೋಡಿ ತಗೊಳ್ಳೂಣು' ಎಂದಳು ಸುಮಂಗಲಾ. ರಾಜೇಸಾಬರ ಎದುರಿಗೆ ಹೆಂಡತಿಯ ಈ ಸಲಹೆ ನನಗೆ ರುಚಿಸಲಿಲ್ಲ. 'ಇದು ಸೀರಿ ಅಲ್ಲ ಮಾರಾಯ್ತಿ, ಮಶೀನು' ಎಂದೆ. ರಾಜೇಸಾಬರು ಇಬ್ಬರನ್ನೂ ಒಮ್ಮೆ ನೋಡಿ, 'ಹುಣ್ಣಿಮಿ ಆದ ಮ್ಯಾಲೂ ಬದಲಿ ಮಾಡಿಕೊಡ್ತೇನಿ ತಗೋರಿ' ಎಂದು ಎಡದ್ದನ್ನು ಓಣಿ ದಾಟಿಸಿ ಜೀಪಿಗೆ ಹಾಕಿಸಿದರು. ಅಷ್ಟು ವರ್ಷ ವ್ಯಾಪಾರ ಮಾಡಿದವರಿಗೆ ಯಾರು ಬದಲಿಗೆ ಬರುತ್ತಾರೆಂದು ಗಿರಾಕಿಯ ಮುಖ ನೋಡಿದರೇ ಗೊತ್ತಾಗುತ್ತದೆಯೋ ಏನೋ.

ಆಯುಧ ಪೂಜೆಗೆ ಅದಕ್ಕೆ ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದೆ. ಮರುದಿನ ಬನ್ನಿ ಕೊಡಲು ಬಂದ ಮಹಾಂತೇಶ ಅದನ್ನು ನೋಡಿದ, ಹೋಗಿ ಜೀಪಿನ ಕೆಳಗೆ ನೋಡಿದ, ಮತ್ತೆ ಬಂದು ಅದನ್ನು ನೋಡಿದ. 'ನಿಮ್ಮದು ಬಲಗಡೇದ್ರಿ ಸರ' ಎಂದ. ನಾನು ಫೋಟೋ ತೋರಿಸಿದೆ. 'ಮುಂದ ಮಕ್ಕೊಂಡು ತಗದೀರಿ. ಎದುರಿಗೆ ನಿಂತವರ ಎಡಗೈ ನಿಮ್ಮ ಬಲಕ್ಕ ಕಾಣಂಗಿಲ್ಲೇನ್ರಿ?' ಎಂದ. ಸುಮಂಗಲಾ ಒಳಗೆ ಹೋಗಿ ಚಹಾ ತಂದಳು. ಒಂದು ಮಾತು ಅಂದಿದ್ದರೇ ಚೆನ್ನಾಗಿತ್ತು.

ಹುಣ್ಣಿಮೆಯೊಳಗೆ ಬದಲಾಯಿಸಿ ಕೂಡಿಸಲು ಹೊತ್ತಿರಲಿಲ್ಲ. ಹಬ್ಬದ ಮರುದಿನ ಗುಡೂರಿನಿಂದಲೇ ಇಳಕಲ್ಲಿಗೆ ಹೋಗಿ ಕೊಟ್ಟು ಬರೋಣವೆಂದು ಅದನ್ನು ಜೀಪಿನ ಹಿಂದೆ ಹಾಕಿಕೊಂಡು ಸುಮಂಗಲಾಳೊಡನೆ ಹೊರಟೆ. ಅತ್ತೆಗೆ ಏನೂ ಹೇಳಲಿಲ್ಲ. ಮಳೆ ನಿಂತು ವಾರವಾಗಿದೆ, ದಾರಿ ಒಣಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಓಣಿಯವರಿಗೆಲ್ಲ, 'ಅಳಿಯನ ಗಾಡ್ಯಾಗ ಹೊಂಟೇನಿ' ಎಂದು ಹೇಳುತ್ತ ಬಂದರು. ಡಾಂಬರು ಮುಗಿದು ಎರೆ ದಾರಿ ಹಿಡಿದು ಸ್ವಲ್ಪ ಹೋಗುವುದರೊಳಗೆ ಹಿಂದಿನ ಗಾಲಿಗಳು ಗರಗರ ತಿರುಗಿ ನಿಂತಲ್ಲೇ ಹೂತುಹೋದವು. ಮುಂದಿನವು ಅತಿಥಿಗಳಂತೆ ಸುಮ್ಮನೆ ನಿಂತಿದ್ದವು. ನಾನು ಸುಳ್ಳೇ ಲಿವರ್ ಎಳೆದೆ.

ಅತ್ತೆ ನನ್ನ ಕೈ ನೋಡಿದರು, ದೂರದಲ್ಲಿ ಕಾಣುತ್ತಿದ್ದ ತಮ್ಮ ಹೊಲದ ಬನ್ನಿಗಿಡ ನೋಡಿದರು. 'ಇರ್ಲಿ ಬಿಡ್ರಿ ಅಳಿದೇವ್ರ, ಇಲ್ಲಿ ತನಕ ಬಂದೆನಲ್ಲ. ಇಲ್ಲಿಂದನ ಕೈ ಮುಗೀತೇನಿ' ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಜೀಪಿನ ಮಟ್ಟಿಗೆ ಅದು ಆಗಲೇ ಬಿಟ್ಟಿತ್ತು.

ಅಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿಯ ತಮ್ಮ ಶಿವಪ್ಪ ಟ್ರ್ಯಾಕ್ಟರಿನಲ್ಲಿ ಬಂದ. ಅವ್ವನನ್ನು ಟ್ರೇಲರಿಗೆ ಹತ್ತಿಸುವುದು ಹೇಗೆ ಎಂದು ಸುತ್ತಮುತ್ತ ನೋಡಿದ. ಜೀಪಿನ ಹಿಂದೆ ಕಣ್ಣುಹಾಯಿಸಿ, 'ಮಾಮಾರ, ಇದೇನ್ರಿ?' ಎಂದ. ನಾನು ಹೇಳುವ ಮೊದಲೇ ಸುಮಂಗಲಾ ಎಲ್ಲ ಹೇಳಿದಳು. ಅವನೂ ನಾನೂ ಕೂಡಿ ಆ ಕೇಸನ್ನು ಇಳಿಸಿ, ಟ್ರೇಲರಿನ ಹಿಂದೆ ಕೆಸರಲ್ಲಿ ಒತ್ತಿ ಕೂಡಿಸಿ, ಮೇಲೊಂದು ಗೋಣಿಚೀಲ ಹಾಸಿದೆವು. ಅತ್ತೆ ಮೊದಲು ಬರಿಗಾಲಿನಿಂದ ತಳ್ಳಿ ನೋಡಿದರು. ಅಷ್ಟು ಭಾರದ ಕಬ್ಬಿಣ, ಅಲುಗಾಡಲಿಲ್ಲ. ಎಡಗಾಲು ಇಟ್ಟರು, ಮಗಳ ಹೆಗಲು ಹಿಡಿದರು, ಮೇಲೆ ಹೋದರು. ಹೋಗಿ ಬುಟ್ಟಿ ಕೇಳಿದರು. ಅಂದು ಚರಗ ಚೆಲ್ಲುವಾಗ ಎಲ್ಲರಿಗಿಂತ ದೊಡ್ಡ ದನಿ ಅವರದೇ. ತೊಗರಿ ಹೂವನ್ನು ಗಿಡದಲ್ಲೇ ಮುಟ್ಟಿ ನೋಡಿದರು. ಉಣ್ಣಲು ಕೂತಾಗ ನನಗೆ ಕಣ್ಣು ತುಂಬಿ ಬಂತು, ಎಣ್ಣೆಗಾಯಿಯ ಖಾರ ಎಂದು ಹೇಳಿದೆ.

ಆ ಕೇಸು ಇಳಕಲ್ಲಿಗೆ ಹಿಂದಿರುಗಲಿಲ್ಲ. ಅತ್ತೆ ಕೊಡಲಿಲ್ಲ. ಅದೀಗ ಗುಡೂರಿನ ಮನೆಯ ಕಟ್ಟೆಯ ಪಕ್ಕ ಗೋಣಿಚೀಲ ಹೊದ್ದು ಕೂತಿದೆ, ನಾನು ಮತ್ತೆ ಹಾಲಿನ ಪಾಕೀಟು ತರುತ್ತಿದ್ದೇನೆ. ಆದರೆ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಶಾಫ್ಟು ಕೂಡುವ, ಹೊರಚಾಚಿದ ಮೂತಿ ಬಲಕ್ಕೆ ಇದ್ದಿದ್ದರೆ ಮಡಚದ ಆ ಬಲಗಾಲಿಗೆ ತಾಕಿ, ಅತ್ತೆ ಹತ್ತಲು ಆಗುತ್ತಲೇ ಇರಲಿಲ್ಲ. ಮೊನ್ನೆ ಸೀರೆ ಅಂಗಡಿಯಲ್ಲಿ ರಾಶಿಯ ಮುಂದೆ ಕೂತಿದ್ದ ಸುಮಂಗಲಾಳಿಗೆ ಇದನ್ನು ವಿವರಿಸಿ, 'ಅಂದರ ನಾ ಆರಿಸಿದ್ದು ಸರೀನ ಇತ್ತು' ಎಂದೆ.

ಅವಳು ಕೈಯಲ್ಲಿದ್ದ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೇಳಿದಳು: 'ಹೌದ್ರಿ. ಅದಕ್ಕ ಹೊಂದೂ ಗಾಡಿ ಆರಿಸೂದರಾಗಷ್ಟ ತಪ್ಪೀರಿ.'