ಒಗೂತು ಬರೆದುಕೊಟ್ಟ ಚೀಟಿ

ಮಣ್ಣು ಮಾಡುವ ಮೊದಲು ಹಿರಿಯರು ಎದ್ದು ನಿಂತು, "ಹೋದವನಿಂದ ಯಾರಿಗಾದ್ರೂ ಏನಾದ್ರೂ ಬರ್ಬೇಕಾ?" ಎಂದು ಕೇಳುವುದು ಸರೋವರದ ದಂಡೆಯ ಕಿಸುಮು ಪಟ್ಟಣದ ಆ ಕೇರಿಯಲ್ಲಿ ವಾಡಿಕೆ. ಸಾಮಾನ್ಯವಾಗಿ ಯಾರೂ ಬಾಯಿ ಬಿಡುವುದಿಲ್ಲ. ಅಂದು ಮೀನುಬಲೆ ಮಾರುವ ಅಕೇಯೊ ಬಿಟ್ಟಳು.

"ನಂಗೆ ಬರ್ಬೇಕು. ಮೂವತ್ತು ಸಾವಿರ ಶಿಲ್ಲಿಂಗ್. ಬಲೆ ಬಾಬ್ತು."

ಮೌನ. ಸತ್ತ ಓಲೂವಿನ ತಮ್ಮಂದಿರು ತಮ್ಮ ಬೂಟುಗಳನ್ನು ಈಗಷ್ಟೇ ಕಂಡವರಂತೆ ನೋಡತೊಡಗಿದರು. ದರ್ಜಿ ಒಗೂತುಗೆ ಸಾವಿಗಿಂತ ಇಂಥ ಮೌನದ ಭಯವೇ ಹೆಚ್ಚು. ಬಾಯಿ ತಾನಾಗಿ ತೆರೆದುಕೊಂಡಿತು.

"ನಾನು ಕೊಡ್ತೀನಿ ಅಕ್ಕ. ಓಲೂ ನನ್ನ ಗೆಳೆಯ."

ಎಲ್ಲರೂ ನಿಟ್ಟುಸಿರು ಬಿಟ್ಟು, ಮಣ್ಣು ಮುಗಿಸಿ ಊಟಕ್ಕೆ ಕೂತರು. ಒಗೂತು ಮಾತ್ರ ತಟ್ಟೆ ಮುಂದೆ ಲೆಕ್ಕ ಹಾಕತೊಡಗಿದ. ಅವನ ಆಸ್ತಿಯೆಂದರೆ ಒಂದು ಹೊಲಿಗೆ ಯಂತ್ರ.

ಮಧ್ಯಾಹ್ನ ಅಕೇಯೊ ಅಂಗಡಿಗೆ ಬಂದು, ಹಸು ಕೊಳ್ಳಲು ಬಂದವಳಂತೆ ಆ ಯಂತ್ರಕ್ಕೆ ಒಂದು ಸುತ್ತು ಹಾಕಿದಳು. "ಸಂಜೆಗೆ ದುಡ್ಡು, ಇಲ್ಲಾಂದ್ರೆ ಇದು. ಕೇರಿಗೆ ಕೇರಿನೇ ಕೇಳಿಸ್ಕೊಂಡಿದೆ ಕಣೋ."

ಒಗೂತು ಪಕ್ಕದ ಮನೆಗೆ ಓಡಿದ. ಅಲ್ಲಿ ಕೋರ್ಟಿನ ನಿವೃತ್ತ ಗುಮಾಸ್ತ ಒಮೋಲೊ ಇದ್ದ.

"ಬರೆದುಕೊಟ್ಟಿದೀಯಾ?"

"ಇಲ್ಲ ಯಜಮಾನ್ರೇ, ಬಾಯಲ್ಲಿ ಅಂದದ್ದಷ್ಟೆ."

"ಹಾಗಾದ್ರೆ ಹೋಗಿ ಮಲ್ಕೋ. ಇನ್ನೊಬ್ಬರ ಸಾಲ ನಾನು ತೀರಿಸ್ತೀನಿ ಅನ್ನೋ ಮಾತು ಬರಹದಲ್ಲಿರ್ಬೇಕು, ಕೆಳಗೆ ಸಹಿ ಇರ್ಬೇಕು. ಇಲ್ದಿದ್ರೆ ಕೋರ್ಟು ಕಿವಿಗೇ ಹಾಕ್ಕೊಳಲ್ಲ."

ಒಗೂತು ಹಗುರಾಗಿ ಮರಳಿದ. ಆದರೆ ಅಕೇಯೊ ಬಾಗಿಲಲ್ಲೇ ಕೂತಿದ್ದಳು. ಕಾನೂನು ಹೇಳಿದರೆ, "ಅದೆಲ್ಲ ನಂಗ್ಯಾಕೆ?" ಎಂದು ಮತ್ತೆ ಸುಮ್ಮನಾದಳು. ಆ ಮೌನ ತಾಳದೆ ಒಗೂತು ಕಾಗದ ತೆಗೆದ. ಇಂಥದ್ದನ್ನು ಬರವಣಿಗೆಯಲ್ಲೇ ಮುಗಿಸಿಬಿಡಬೇಕು ಎಂದುಕೊಂಡು ಮುದ್ದಾದ ಅಕ್ಷರದಲ್ಲಿ ಬರೆದ:

"ಅಕೇಯೊ ಅವರಿಗೆ. ಓಲೂ ನಿಮಗೆ ಕೊಡಬೇಕಿದ್ದ ಮೂವತ್ತು ಸಾವಿರ ಶಿಲ್ಲಿಂಗನ್ನು ನಾನು ತೀರಿಸುತ್ತೇನೆಂದು ಇಂದು ಎಲ್ಲರೆದುರು ಮಾತು ಕೊಟ್ಟದ್ದು ನಿಜ. ಆದರೆ ಅದು ಬರೀ ಬಾಯಿಮಾತು. ಆದ್ದರಿಂದ ಕೊಡುವುದಿಲ್ಲ."

ಕೆಳಗೆ ತಾರೀಖು, ಬಾಲ ಸುತ್ತಿದ ದೊಡ್ಡ ಸಹಿ.

ಅಕೇಯೊಗೆ ಓದು ಬಾರದು. ಚೀಟಿ ಹಿಡಿದು ಒಮೋಲೊ ಹತ್ತಿರವೇ ಹೋದಳು. ಗೆಲುವು ನೋಡಲು ಒಗೂತುವೂ ಹಿಂದೆಯೇ ಹೋದ.

ಒಮೋಲೊ ಎರಡು ಸಲ ಓದಿ ಕನ್ನಡಕ ತೆಗೆದ. "ಯಾರ ಸಾಲ ಅಂತ ಇದೆ. ಎಷ್ಟು ಅಂತ ಇದೆ. ಮಾತು ಕೊಟ್ಟಿದ್ದು ನಿಜ ಅಂತ ಇದೆ. ಸಹಿನೂ ಇದೆ. ಜೋಪಾನವಾಗಿ ಇಟ್ಕೊಳಮ್ಮ, ನಿನ್ನ ಹತ್ರ ಇಲ್ದೇ ಇದ್ದಿದ್ದು ಇದೊಂದೇ."

"ಕೊಡಲ್ಲ ಅಂತ ಬರ್ದಿದೀನಲ್ಲ ಯಜಮಾನ್ರೇ!"

"ಕೊಡೋರ ಮೇಲೆ ಯಾರಪ್ಪಾ ಕೋರ್ಟಿಗೆ ಹೋಗ್ತಾರೆ?"

ಅಕೇಯೊ ಚೀಟಿ ಮಡಚಿ ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡಳು. ಮತ್ತೆ ಅದೇ ಮೌನ. ಈ ಸಲ ಒಗೂತು ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಉಳಿದಿರಲಿಲ್ಲ.